ಓಟಕ್ಕೆ ಮುನ್ನ ಹತ್ತು ನಿಮಿಷ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಕಡೆಯಾಗಲಿ, ಅಫಜಲಪುರ, ಜೇವರ್ಗಿಗಳ ಕಡೆಯಾಗಲಿ, ಪೊಲೀಸು ನೇಮಕಾತಿಯ ಪ್ರಕಟಣೆ ಹೊರಟಿತೆಂದರೆ ನಸುಕಿನಲ್ಲಿ ತೊಗರಿ ಹೊಲಗಳ ನಡುವಿನ ರಸ್ತೆಗಳಲ್ಲಿ ಓಡುವ ಹುಡುಗರು ಕಣ್ಣಿಗೆ ಬೀಳುತ್ತಾರೆ. ಕಾನ್‌ಸ್ಟೇಬಲ್ ಹುದ್ದೆಗೆ ಗಂಡುಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ, ಹೆಣ್ಣುಮಕ್ಕಳು 400 ಮೀಟರನ್ನು ಎರಡು ನಿಮಿಷದೊಳಗೆ ಓಡಿ ಮುಗಿಸಬೇಕು. ಅದರ ಜೊತೆಗೆ ಜಿಗಿತ, ಗುಂಡೆಸೆತ. ಕಾಗದದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪಿದರೆ ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಓಟದಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡಿತೋ, ವರುಷದ ಓದೆಲ್ಲ ಅಲ್ಲಿಗೇ ನಿಂತಿತು. ನಿಮ್ಮ ಮನೆಯಲ್ಲಿಯೂ ಅಂಥ ಮಗನೋ ಮಗಳೋ ಇದ್ದರೆ ಈ ನಾಲ್ಕು ಮಾತು ಅವರ ಕಿವಿಗೆ ಹಾಕಿರಿ.

ದೇಹದಾರ್ಢ್ಯವೆಂದೊಡನೆ ದಪ್ಪ ತೋಳು, ಅಗಲವಾದ ಎದೆ ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ದೃಢ ಎಂಬ ಮಾತಿಗೆ ಅಷ್ಟೇ ಅರ್ಥವಲ್ಲ. ಜೋಳದ ಚೀಲವನ್ನು ಒಮ್ಮೆ ಬೆನ್ನಿಗೇರಿಸುವುದು ಬಲ. ಅದೇ ತೋಳಿನಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ರಾಶಿ ತೂರುವುದು ಸ್ನಾಯುಗಳ ತಾಳಿಕೆ. ಏದುಸಿರು ಬಾರದಂತೆ ಬಹಳ ದೂರ ಓಡುವುದು ಹೃದಯ ಶ್ವಾಸಕೋಶಗಳ ಕಸುವು. ನಮ್ಮ ಕಡೆ ಇದಕ್ಕೆ ದಮ್ಮು ಎನ್ನುತ್ತಾರೆ. ಮೊಣಕಾಲು ಮಡಿಸದೆ ಪಾದ ಮುಟ್ಟುವ ಬಾಗು ಇನ್ನೊಂದು. ಮೈಯಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂಬ ಹದವೂ ಇದರಲ್ಲಿ ಸೇರುತ್ತದೆ. ತಕ್ಕಡಿ ತೋರಿಸುವ ತೂಕವೊಂದರಿಂದ ಅದು ತಿಳಿಯದು. ಇವುಗಳಲ್ಲಿ ಒಂದಿದ್ದವನಿಗೆ ಮಿಕ್ಕವು ತಾವಾಗಿ ಬರುವುದಿಲ್ಲ. ಭಾರ ಎತ್ತುವ ಜಟ್ಟಿ ನಾಲ್ಕು ಸುತ್ತು ಓಡಲಾರದೆ ಸೊಂಟಕ್ಕೆ ಕೈಕೊಟ್ಟು ನಿಲ್ಲುವುದುಂಟು.

ಈ ವಿವೇಕ ನಮ್ಮ ನೆಲಕ್ಕೆ ಹೊಸದಲ್ಲ. ನೆರೆಯ ಕಲ್ಯಾಣದಿಂದ, ಎಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯ ಪ್ರಕರಣವೊಂದಿದೆ. ಮರಳಿನ ಚೀಲದಿಂದ ಮಾಡುವುದು ಭಾರಶ್ರಮ, ನಡಿಗೆ ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಜಟ್ಟಿಗೆ ಬಲವೊಂದೇ ಸಾಲದೆಂದು ಅರಸನಿಗೆ ಗೊತ್ತಿತ್ತು. ಇಂದು ಕನ್ನಡಿಯ ಮುಂದೆ ತೋಳನ್ನಷ್ಟೇ ಬೆಳೆಸುವ ತರುಣರಿಗೆ ಗೊತ್ತಿದೆಯೋ ಇಲ್ಲವೋ!

ಇನ್ನು ಮೈ ಬಿಸಿ ಮಾಡುವ ವಿಚಾರ. ವಿಶ್ರಾಂತಿಯಲ್ಲಿರುವಾಗ ಹೃದಯದಿಂದ ಹೊರಟ ರಕ್ತದಲ್ಲಿ ಹೆಚ್ಚೆಂದರೆ ಐದರಲ್ಲೊಂದು ಪಾಲು ಸ್ನಾಯುಗಳಿಗೆ ಹೋಗುತ್ತದೆ. ಶಕ್ತಿಮೀರಿ ಓಡುವಾಗ ಐದರಲ್ಲಿ ನಾಲ್ಕು ಪಾಲು ಅತ್ತ ಹರಿಯಬೇಕು. ಕಾಲುವೆಯ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ತಿರುಗಿಸಿದವರು ಬಲ್ಲರು: ಒಡ್ಡು ಬಿಚ್ಚಿದೊಡನೆ ಕೊನೆಯ ಗಿಡಕ್ಕೆ ನೀರು ಮುಟ್ಟದು. ಸ್ನಾಯು ಬೆಚ್ಚಗಾದಂತೆ ಅದರ ಎಳೆತ ಚುರುಕಾಗುತ್ತದೆ, ರಕ್ತವು ಪ್ರಾಣವಾಯುವನ್ನು ಅಲ್ಲಿ ಸುಲಭವಾಗಿ ಬಿಟ್ಟುಕೊಡುತ್ತದೆ, ಕೀಲುಗಳು ಸಡಿಲಗೊಳ್ಳುತ್ತವೆ.

ಆದುದರಿಂದ ಮೊದಲು ಐದು ನಿಮಿಷ ನಡೆದು, ಮೆಲ್ಲಗೆ ಓಡಿರಿ. ಪಕ್ಕದವನೊಡನೆ ಮಾತಾಡುವಷ್ಟು ಉಸಿರು ಉಳಿದಿರಲಿ. ಆಮೇಲೆ ಭುಜ, ಸೊಂಟ, ಮೊಣಕಾಲು, ಹರಡುಗಳನ್ನು ಆಡಿಸಿರಿ. ಕಾಲನ್ನು ಹಿಂದೆ ಮುಂದೆ ಬೀಸಿರಿ, ಮೊಣಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಹೆಜ್ಜೆ ಹಾಕಿರಿ. ಕೊನೆಗೆ ಐವತ್ತು ಹೆಜ್ಜೆಯ ಎರಡು ಮೂರು ಓಟ, ಒಂದಕ್ಕಿಂತ ಒಂದು ಬಿರುಸಾಗಿ. ಹಣೆಯಲ್ಲಿ ಸಣ್ಣಗೆ ಬೆವರು ಮೂಡಿದರೆ ಸಾಕು. ಬಗ್ಗಿ ಪಾದ ಹಿಡಿದು ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ನಿಲ್ಲುವ ಹಳೆಯ ರೂಢಿಯೊಂದಿದೆ. ಓಟಕ್ಕೆ ತುಸು ಮೊದಲು ಅದು ಬೇಡ, ಸ್ನಾಯುವಿನ ಕಸುವು ಸ್ವಲ್ಪ ತಗ್ಗುತ್ತದೆ.

ನೇಮಕಾತಿಯ ಮೈದಾನದಲ್ಲಿ ಇನ್ನೊಂದು ತೊಡಕುಂಟು. ಹುಡುಗರು ಬಂದೊಡನೆ ಮೈ ಬಿಸಿ ಮಾಡಿಕೊಳ್ಳುತ್ತಾರೆ, ಸರದಿಗಾಗಿ ಗಂಟೆಗಟ್ಟಲೆ ಕುಕ್ಕುರಗಾಲಲ್ಲಿ ಕೂಡುತ್ತಾರೆ. ಗಳಿಸಿದ ಬಿಸಿ ಅಷ್ಟರಲ್ಲಿ ಆರಿಹೋಗಿರುತ್ತದೆ. ಸರದಿ ಹತ್ತಿರವಾದಾಗ ಎದ್ದು ನಿಂತಲ್ಲೇ ಹೆಜ್ಜೆ ಹಾಕಬೇಕು, ಚಳಿಗಾಲವಾದರೆ ಮೇಲಂಗಿಯನ್ನು ಕೊನೆಗಳಿಗೆಯವರೆಗೆ ತೆಗೆಯಬಾರದು. ಜಾತ್ರೆಗಳಲ್ಲಿ ಉಸುಕಿನ ಚೀಲ ಎತ್ತುವವರಿಗೂ ಇದೇ ಮಾತು. ಗೆಳೆಯರ ಕೂಗಿಗೆ ಉಬ್ಬಿ ನೆರೆದವರ ನಡುವಿನಿಂದ ನೇರವಾಗಿ ಎದ್ದುಬಂದು ದೊಡ್ಡ ಚೀಲಕ್ಕೇ ಕೈಹಾಕುವವನ ಸೊಂಟ ಉಳುಕುವುದರಲ್ಲಿ ಆಶ್ಚರ್ಯವೇನು? ಹಗುರವಾದುದನ್ನು ನಾಲ್ಕು ಸಲ ಎತ್ತಿ ಇಳಿಸಿದ ಮೇಲೆ ಭಾರದ ಮಾತು.

ಸಂಜೆಯ ನಡಿಗೆಗೆ ಹೊರಡುವ ಹಿರಿಯರು ಮೊದಲ ಐದು ನಿಮಿಷ ನಿಧಾನವಾಗಿ ನಡೆದರಾಯಿತು. ಎದೆಯಲ್ಲಿ ಬಿಗಿತವೋ ನೋವೋ ತೋರಿದರೆ ಅಲ್ಲೇ ನಿಂತು ವೈದ್ಯರಲ್ಲಿಗೆ ಹೋಗತಕ್ಕದ್ದು.

ಓಡಿ ಗೆರೆ ಮುಟ್ಟಿದವರು ಥಟ್ಟನೆ ನಿಲ್ಲಬಾರದು. ಓಡುವ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಅವು ಒಮ್ಮೆಗೇ ಸುಮ್ಮನಾದರೆ ರಕ್ತ ಕಾಲಿನಲ್ಲೇ ತಂಗಿ ತಲೆ ಸುತ್ತುತ್ತದೆ. ಐದು ನಿಮಿಷ ನಡೆಯಿರಿ, ಉಸಿರು ತಹಬಂದಿಗೆ ಬರಲಿ. ಮೊದಲು ಬೇಡವೆಂದ ಆ ಪಾದ ಹಿಡಿಯುವ ಸಾಮನ್ನು ಈಗ ನಿಧಾನವಾಗಿ ಮಾಡಿರಿ.