ಕಾರಿನ ಕೀಲಿಗೆ ರಬ್ಬರಿನ ಕಾವಲು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವಾಗ, ತಿರುವಿನಲ್ಲಿ ನಿಮ್ಮ ಕಾರಿನ ಮುಂದಿನ ಗಾಲಿಯಿಂದ ‘ಟಕ್ ಟಕ್’ ಸದ್ದು ಕೇಳಿಸಿದ್ದುಂಟೆ? ನನಗೆ ಕೇಳಿಸಿತ್ತು. ರೇಡಿಯೋವನ್ನು ಜೋರು ಮಾಡಿ ಮುಂದೆ ಸಾಗಿದೆ!

ಅಂಬಾಸಡರ್ ಕಾರನ್ನು ಹಿಂದಿನ ಗಾಲಿಗಳು ದೂಡುತ್ತಿದ್ದವು. 1983ರಲ್ಲಿ ಬಂದ ಮಾರುತಿ 800ನ್ನು ಮುಂದಿನ ಗಾಲಿಗಳೇ ಎಳೆದವು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಹಾಗೆಯೇ. ಉರುಳುತ್ತಲೇ ಅತ್ತಿತ್ತ ತಿರುಗಬೇಕಾದ ಗಾಲಿಗೆ ಎಂಜಿನ್ನಿನ ಬಲವನ್ನು ಒಂದೇ ವೇಗದಲ್ಲಿ ಮುಟ್ಟಿಸುವ ಕೀಲೇ ಸಿ.ವಿ. ಜಾಯಿಂಟ್. ಅದರೊಳಗಿನ ಗ್ರೀಸನ್ನು ಕಾಯುವುದು, ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರಿನ ಚೀಲ. ಕಾಲಿಲ್ಲದ ಇದಕ್ಕೆ ‘ಬೂಟು’ ಎಂಬ ಹೆಸರೇಕೋ! ತಿದಿಯೆಂದರೇ ಒಪ್ಪುತ್ತಿತ್ತು.

ಅದು ಹರಿದರೆ ಗ್ರೀಸು ಸಿಡಿದು ಗಾಲಿಯ ಒಳಮೈಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದ ಕೆಸರು, ಬೇಸಗೆಯ ಧೂಳು ಒಳಹೊಕ್ಕು ಕೀಲಿನ ಗುಂಡುಗಳನ್ನು ಸವೆಸುತ್ತವೆ. ಸದ್ದು ಹುಟ್ಟುವ ಮುನ್ನವೇ ಕಂಡುಕೊಂಡರೆ, ಕೀಲನ್ನು ಬಿಚ್ಚಿ ತೊಳೆದು, ಅದಕ್ಕೆಂದೇ ಬರುವ ಗ್ರೀಸು ತುಂಬಿ, ಹೊಸ ಬೂಟು ತೊಡಿಸಿ ಪಟ್ಟಿ ಬಿಗಿದರೆ ಸಾಕು. ಅಂಟು ಹಚ್ಚುವುದು, ಸೈಕಲ್ ಟ್ಯೂಬು ಸುತ್ತುವುದು ಬಾಳದು. ಸದ್ದು ಕೇಳಿದ ಮೇಲೆ ಕೀಲನ್ನೇ ಬದಲಿಸಬೇಕಾದೀತು. ನಾನು ತೆತ್ತದ್ದು ಕೀಲಿನ ಬೆಲೆ. ಈಗ ತಿಂಗಳಿಗೊಮ್ಮೆ ಕಾರು ನಿಲ್ಲಿಸಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿ, ಬಗ್ಗಿ ಬ್ಯಾಟರಿ ಹಾಕಿ ಇಣುಕುತ್ತೇನೆ.