ಸಂಡೂರಿನ ಅದಿರು: ದಾನದಿಂದ ಲೆಕ್ಕದವರೆಗೆ



ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯಲ್ಲಿ ಎಷ್ಟೋ ಕಡೆ ಒಂದೇ ನೆಲಕ್ಕೆ ಮೂವರು ಹಕ್ಕುದಾರರು. ಮೇಲಿನ ಮಣ್ಣು ರೈತನದು, ಅಡಿಯ ಅದಿರಿನ ಮೇಲೆ ಅಧಿಕಾರ ಸರ್ಕಾರದ್ದು, ಅಗೆಯುವ ಗುತ್ತಿಗೆ ಕಂಪನಿಯದು. ಕೆಂಪು ದೂಳು ಮಾತ್ರ ಊರಿನ ಎಲ್ಲರ ಪಾಲಿಗೆ. ಗಣಿಯವರು, ಜಮೀನಿನವರು, ಊರಿನವರು ಹೊಂದಿಕೊಂಡು ಬಾಳುವ ದಾರಿಯನ್ನು ಈ ಸೀಮೆ ನೂರಕ್ಕೂ ಹೆಚ್ಚು ವರ್ಷಗಳಿಂದ ಹುಡುಕುತ್ತಲೇ ಇದೆ. ಇವತ್ತಿನ ಮಾತು ಆ ಹುಡುಕಾಟದ್ದು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಬಳ್ಳಾರಿ ಜಿಲ್ಲೆಯ ನೆಲದ ಬಗ್ಗೆ ಬರೆದ ಗ್ರಂಥ 1895ರಲ್ಲಿ ಪ್ರಕಟವಾಯಿತು. ಆಗ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದೇಶಿ ಕಂಪನಿಯೊಂದು ಇಲ್ಲಿ ಮ್ಯಾಂಗನೀಸ್ ತೆಗೆಯತೊಡಗಿತು. ಸಂಸ್ಥಾನ ಹೋದ ಮೇಲೆ, 1954ರಲ್ಲಿ, ಘೋರ್ಪಡೆ ಮನೆತನದವರೇ ಸಂಡೂರು ಮ್ಯಾಂಗನೀಸ್ ಕಂಪನಿ ಕಟ್ಟಿದರು. 1977ರಲ್ಲಿ ದೋಣಿಮಲೈನಲ್ಲಿ ಕೇಂದ್ರ ಸರ್ಕಾರದ ಎನ್‌ಎಂಡಿಸಿ ಗಣಿ ಶುರುವಾಯಿತು.

ಆ ಕಾಲದ ಸಂಬಂಧ ಧಣಿ ಮತ್ತು ಊರಿನದು. ಗಣಿ ಕೂಲಿ ಕೊಟ್ಟಿತು, ಶಾಲೆ ಕಟ್ಟಿಸಿತು. ಕಂಪನಿಯ ನೆರವಿನಿಂದ ಬೆಳೆದ ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾದ ಹೆಣ್ಣುಮಕ್ಕಳು ಕೂತು ಹಾಕಿದ ಲಂಬಾಣಿ ಕಸೂತಿಗೆ ಮುಂದೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇದು ಸಣ್ಣ ಕೆಲಸವಲ್ಲ. ಆದರೆ ಅದೇ ಸಂಡೂರಿನಲ್ಲಿ 1973ರಲ್ಲಿ ರೈತರು ಉಳುವ ಭೂಮಿಯ ಹಕ್ಕಿಗಾಗಿ ಬೀದಿಗಿಳಿದರು. ಧಣಿ ಎಷ್ಟೇ ಒಳ್ಳೆಯವನಾಗಿರಲಿ, ಹಕ್ಕಿನ ಪ್ರಶ್ನೆ ದಾನದಿಂದ ತೀರುವುದಿಲ್ಲ.

ಕಾನೂನು ಆ ಪ್ರಶ್ನೆಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟಿತ್ತು. ಗಣಿ ಕಾಯ್ದೆಯ 24ಎ ಕಲಮಿನ ಪ್ರಕಾರ, ಗುತ್ತಿಗೆಗೆ ಒಳಪಟ್ಟ ನೆಲದ ಅನುಭೋಗದಾರನಿಗೆ ಆಗುವ ನಷ್ಟವನ್ನು ಗಣಿಯವರು ತುಂಬಿಕೊಡಬೇಕು. ಆದರೆ ಗುತ್ತಿಗೆಯ ಗಡಿಯಾಚೆ ಶೇಂಗಾ ಬಿತ್ತಿ, ಎಲೆಯ ಮೇಲೆ ಕೆಂಪು ಕೂತದ್ದನ್ನು ನೋಡುತ್ತಾ ನಿಂತ ರೈತ ಆ ಕಲಮಿನ ಹೊರಗೇ ಉಳಿದ.

2000ದ ನಂತರ ಚೀನಾದ ಬೇಡಿಕೆ ಏರಿತು, ಅದಿರಿನ ಬೆಲೆಯೂ ಏರಿತು. 2003ರಲ್ಲಿ ರಾಜ್ಯ ಸರ್ಕಾರ, ತನಗೆಂದು ಕಾಯ್ದಿರಿಸಿಕೊಂಡಿದ್ದ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಖಾಸಗಿಯವರಿಗೂ ತೆರೆಯಿತು. ಪಟ್ಟಾ ಜಮೀನುಗಳಲ್ಲೂ ಅಗೆತ ನಡೆಯಿತು. ಜೋಳ ಬೆಳೆದು ವರ್ಷವಿಡೀ ಕಾಣದ ದುಡ್ಡು ಕೆಲವರ ಕೈಗೆ ಬಂತು. ಆಮೇಲೆ ಬಿತ್ತಲು ಹೋದರೆ ಹೊಲದಲ್ಲಿ ಗುಂಡಿಗಳಿದ್ದವು. ಹಗಲೂ ರಾತ್ರಿ ಲಾರಿಗಳು ಓಡಿ ಹಳ್ಳಿಯ ರಸ್ತೆಗಳು ಕಿತ್ತುಹೋದವು. ಮಳೆಗಾಲದಲ್ಲಿ ಗುಡ್ಡದ ಹೂಳು ನಾರಿಹಳ್ಳಕ್ಕೆ ಇಳಿಯಿತು.

ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರಲ್ಲಿ ಇನ್ನೊಂದು ವರದಿ ಕೊಟ್ಟರು. ಎಸ್‌.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರ ಜುಲೈ 29ರಂದು ಕೋರ್ಟಿನ ಆದೇಶದಿಂದ ಬಳ್ಳಾರಿಯ ಗಣಿಗಾರಿಕೆ ನಿಂತಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ತಪ್ಪು ಮಾಡಿದವರ ಜೊತೆಗೆ ಏನೂ ಮಾಡದ ಕೂಲಿಯವರೂ ಲಾರಿ ಚಾಲಕರೂ ಮನೆಯಲ್ಲಿ ಕೂರಬೇಕಾಯಿತು.

ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಸುಪ್ರೀಂ ಕೋರ್ಟಿನ 2013ರ ಏಪ್ರಿಲ್ 18ರ ತೀರ್ಪು ಒಪ್ಪಿಕೊಂಡಿತು. ಅಕ್ರಮ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದ ಗಣಿಗಳು ಬಾಗಿಲು ತೆರೆಯಬೇಕಾದರೆ ಪುನಶ್ಚೇತನ ಯೋಜನೆ ಪಾಲಿಸಬೇಕಿತ್ತು: ಹೂಳು ತಡೆಯಲು ಚೆಕ್ ಡ್ಯಾಮ್, ಮಣ್ಣಿನ ರಾಶಿಗೆ ತಡೆಗೋಡೆ, ಗಿಡ ನೆಡುವುದು. ಉತ್ಪಾದನೆಗೂ ಮಿತಿ ಬಂತು. ಬಳ್ಳಾರಿಗೆ ವರ್ಷಕ್ಕೆ 25 ಮಿಲಿಯನ್ ಟನ್. ಅದು 2017ರಲ್ಲಿ 28, 2022ರಲ್ಲಿ 35 ಆಯಿತು. ಒಳ್ಳೆಯತನದ ಜಾಗದಲ್ಲಿ ಮೊದಲ ಸಲ ಅಳತೆ ಬಂದು ಕೂತಿತು.

ಲಾಭದ ಪಾಲಿನ ವಿಚಾರ ದೆಹಲಿಯಲ್ಲಿ ನಡೆಯಿತು. 2011ರ ಮಸೂದೆ ಕಲ್ಲಿದ್ದಲಿನ ಲಾಭದಲ್ಲಿ ಶೇ. 26ನ್ನು, ಬೇರೆ ಖನಿಜಗಳಲ್ಲಿ ರಾಜಧನದಷ್ಟೇ ಮೊತ್ತವನ್ನು ಬಾಧಿತ ಜನರಿಗೆ ಕೊಡಬೇಕು ಎಂದಿತ್ತು. ಅದು ಕಾಯ್ದೆಯಾಗಲಿಲ್ಲ. ಗಣಿ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆಯವರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ರಾಜಧನದ ಮೇಲೆ ಹೆಚ್ಚುವರಿಯಾಗಿ ಅದರ ನಿಧಿಗೆ ಕಟ್ಟಬೇಕು. ಮೊತ್ತ ಇಳಿದರೂ ಒಂದು ಬಾಗಿಲು ತೆರೆಯಿತು. ಗಣಿಯಿಂದ ಬಾಧಿತರಾದ ಜನರೂ ಪ್ರದೇಶಗಳೂ ಇದರ ವ್ಯಾಪ್ತಿಗೆ ಬಂದವು. ಗಡಿಯಾಚೆಯ ಶೇಂಗಾ ರೈತನ ಹೆಸರು ಕೊನೆಗೂ ಲೆಕ್ಕಕ್ಕೆ ಸೇರುವಂತಾಯಿತು.

ಹಣ ಬಂತು, ಮಾತಿನ ಹಕ್ಕು ಬಂತೇ? ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಲ್ಲಿ ಈ ನಿಧಿಯ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ಬಳ್ಳಾರಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಇಲ್ಲಿ ತೀರ್ಮಾನದ ಮೇಜು ಜಿಲ್ಲಾ ಕೇಂದ್ರದಲ್ಲಿದೆ. ಸಾಲದ್ದಕ್ಕೆ ಗಣಿಗಳ ಒಡೆತನವೂ ಬದಲಾಗುತ್ತದೆ. ಮಾರಾಟಕ್ಕೆಂದು ಅದಿರು ತೆಗೆಯುತ್ತಿದ್ದ ಹಳೆಯ ಗುತ್ತಿಗೆಗಳ ಪೈಕಿ ಹಲವು 2020ರ ಮಾರ್ಚ್ 31ಕ್ಕೆ ಮುಗಿದು ಹರಾಜಿಗೆ ಬಂದವು. ಹಳೆಯ ಮಾಲೀಕ ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಹೊಸಬ ಹೊಣೆಯಲ್ಲ. ಬರಹದಲ್ಲಿದ್ದದ್ದು ಮಾತ್ರ ಉಳಿಯುತ್ತದೆ.

ಆದ್ದರಿಂದ ಬಾಳಿಕೆ ಬರುವ ಸಹಕಾರ ಬೇಕೆಂದರೆ, ಒಪ್ಪಂದ ಕಂಪನಿಯ ಹೆಸರಿಗಲ್ಲ, ಗುತ್ತಿಗೆಗೇ ಅಂಟಿಕೊಂಡಿರಬೇಕು. ನಿಧಿಯ ಖರ್ಚು ಗ್ರಾಮಸಭೆಯಲ್ಲಿ ಓದಿ ಹೇಳುವಂತಾಗಬೇಕು. ಗಣಿ ಮುಚ್ಚುವ ಯೋಜನೆ ಕಡತದಲ್ಲಿ ಇದ್ದೇ ಇರುತ್ತದೆ. ಅದನ್ನು ಕನ್ನಡದಲ್ಲಿ ಪಂಚಾಯಿತಿಗೆ ಕೊಡಿ ಎಂದು ಕೇಳಬೇಕು. ಗಣಿ ಸೀಮೆಯ ಕೇಳುಗರೇ, ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಎಷ್ಟು ಬಂತು? ಎಲ್ಲಿ ಹೋಯಿತು? ಅದಿರು ಮುಗಿದ ಮೇಲೆ ಈ ನೆಲ ಹೇಗಿರುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಮಾಡಿಸಿಕೊಳ್ಳಿ.