ಪುಸ್ತಕದಲ್ಲಿಲ್ಲದ ಕೆರೆ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ಆಡಿದ ಮಾತುಗಳು)



ನಾನು ಶಿಕ್ಷಣ ತಜ್ಞನಲ್ಲ, ಪತ್ರಿಕಾ ವರದಿಗಾರ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕೇಳುವುದೇ ನನ್ನ ಹೊಟ್ಟೆಪಾಡು. ಈ ಆರು ಪ್ರಶ್ನೆಗಳನ್ನು ನಾನು ಕಲಿತದ್ದು ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ. ಶಾಲೆಯ ಸಮಾಜ ಪಾಠದಲ್ಲಲ್ಲ. ಐದನೇ ತರಗತಿಯಲ್ಲಿ ಜಿಲ್ಲೆಯ ಕೆರೆಗಳನ್ನು ಹೆಸರಿಸಿ ಎಂದಾಗ ನಮ್ಮೂರ ಕೆರೆಯ ಹೆಸರು ಬರೆದಿದ್ದೆ. 'ಪುಸ್ತಕದಲ್ಲಿಲ್ಲ' ಎಂದು ಮೇಷ್ಟ್ರು ಕೆಂಪು ಗೆರೆ ಎಳೆದರು. ಕೆರೆ ಶಾಲೆಯ ಹಿಂದೆಯೇ ಇತ್ತು!

ಮೇಷ್ಟ್ರನ್ನು ದೂರುವುದು ಸುಲಭ. ಆದರೆ ಅವರ ಕೈ ಕಟ್ಟಿದ್ದು ಪರೀಕ್ಷೆ. ಇದನ್ನು ಮಧ್ಯಪ್ರದೇಶದ ಒಂದು ಪ್ರಯತ್ನ ಚೆನ್ನಾಗಿ ಅರಿತಿತ್ತು. ಅಲ್ಲಿನ ಹೋಶಂಗಾಬಾದ್ (ಇಂದಿನ ನರ್ಮದಾಪುರಂ) ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ, ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಪಾಠ ಶುರುವಾಯಿತು. 1982ರಲ್ಲಿ ಸ್ಥಾಪನೆಯಾದ 'ಏಕಲವ್ಯ' ಸಂಸ್ಥೆ 1986ರಿಂದ ಕೆಲವು ಸರ್ಕಾರಿ ಶಾಲೆಗಳ 6ರಿಂದ 8ನೇ ತರಗತಿಗಳಲ್ಲಿ ಸಮಾಜ ವಿಜ್ಞಾನವನ್ನೂ ಇದೇ ದಾರಿಗೆ ತಂದಿತು.

ಅಕ್ಬರನನ್ನು ಪ್ರನಾಳದಲ್ಲಿಟ್ಟು ಕುದಿಸಲಾಗದು. ಹಾಗಾಗಿ ಇಲ್ಲಿ ಪ್ರಯೋಗದ ಬದಲು ಕಥೆ, ಚಿತ್ರ, ನಕ್ಷೆ, ಹೋಲಿಕೆಗಳು ಬಂದವು. ಪ್ರಶ್ನೆಗಳು ಪಾಠದ ಕೊನೆಗಷ್ಟೇ ಅಲ್ಲ, ನಡುನಡುವೆಯೂ ಇದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು. ಪುಸ್ತಕ ಕೈಯಲ್ಲಿದ್ದರೆ ಬಾಯಿಪಾಠಕ್ಕೆ ಬೆಲೆಯೆಲ್ಲಿ? ಯೋಚಿಸಿ ಬರೆಯುವಂಥ ಪ್ರಶ್ನೆಯನ್ನೇ ಕೇಳಬೇಕಾಗುತ್ತದೆ.

ನಮ್ಮಲ್ಲೂ ಇದು ಅಸಾಧ್ಯವಲ್ಲ. ಮಾರುಕಟ್ಟೆಯ ಪಾಠವನ್ನು ಊರ ಸಂತೆಯಲ್ಲಿ ಮಾಡಿ ನೋಡಿ. ಕಿಲೋ ಟೊಮೆಟೊಗೆ ರೈತನಿಗೆ ಸಿಕ್ಕಿದ್ದೆಷ್ಟು, ಕೊಳ್ಳುವವರು ಕೊಟ್ಟಿದ್ದೆಷ್ಟು ಎಂದು ಮಕ್ಕಳು ಕೇಳಿ ಬರೆದುಕೊಳ್ಳಲಿ. ನಡುವಿನ ಹಣ ಎಲ್ಲಿ ಹೋಯಿತು? ಲಾರಿ ಬಾಡಿಗೆಯೇ, ದಲ್ಲಾಳಿಯ ಕಮಿಷನ್ನೇ, ಕೊಳೆತು ಹೋದ ಮಾಲೇ? ಒಬ್ಬೊಬ್ಬರದು ಒಂದೊಂದು ಉತ್ತರವಾದೀತು. ಹಾಗೆಂದು ಎಲ್ಲ ಉತ್ತರವೂ ಸರಿಯಲ್ಲ. 'ನಿನಗೆ ಹೇಗೆ ಗೊತ್ತಾಯಿತು?' ಎಂದು ಕೇಳಿ ಆಧಾರ ತರಿಸುವುದೇ ಶಿಕ್ಷಕರ ಕೆಲಸ.

ಇದರಲ್ಲಿ ಅಪಾಯವೂ ಉಂಟು. ಸಂತೆಯಿಂದ ಮರಳುವಾಗ ಮಗುವೊಂದು, 'ಆ ಕೇರಿಗೆ ನಲ್ಲಿ ಏಕೆ ಬಂದಿಲ್ಲ, ಸಾರ್?' ಎಂದೀತು. ಆ ಪ್ರಶ್ನೆ ಪಂಚಾಯತಿಗೂ ಮುಜುಗರ, ನಮಗೂ ಮುಜುಗರ. 'ಸುಮ್ಮನೆ ನಡಿ' ಎಂದರೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು. 'ಯಾರನ್ನು ಕೇಳೋಣ?' ಎಂದರೆ ಪೌರನೀತಿಯ ಪಾಠ ಅಲ್ಲಿಂದಲೇ ಶುರು.

ಹೋಶಂಗಾಬಾದಿನ ಕಾರ್ಯಕ್ರಮವನ್ನು ಅಲ್ಲಿನ ಸರ್ಕಾರ 2002ರಲ್ಲಿ ನಿಲ್ಲಿಸಿತು. ಆದರೆ ಆಶಯ ಸಾಯಲಿಲ್ಲ. ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒತ್ತಿ ಹೇಳಿತು.

ಚೌಕಟ್ಟು ದೆಹಲಿಯಲ್ಲಿ ಸಿದ್ಧವಾಗಬಹುದು. ಕೆಂಪು ಶಾಯಿಯ ಪೆನ್ನು ಮಾತ್ರ ನಿಮ್ಮ ಕೈಯಲ್ಲಿದೆ. ಪುಸ್ತಕದಲ್ಲಿಲ್ಲದ ಕೆರೆಯನ್ನು ಮಗು ಬರೆದರೆ ಗೆರೆ ಎಳೆಯುವ ಮೊದಲು ಒಮ್ಮೆ ಕಿಟಕಿಯಾಚೆ ನೋಡಿ. ಅಷ್ಟೇ ನನ್ನ ಅರಿಕೆ.